ಪ್ರಮಾಣವಚನಕ್ಕೆ ಮುಂಚಿನ ಐದು ಪಾಠ

ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಸುಧಾರಾಣಿಯವರನ್ನು ಈಗಲೂ ಎಲ್ಲರೂ ಟೀಚರ್ ಎಂದೇ ಕರೆಯುತ್ತಾರೆ. ಹೊಸಬರು ಟೀಚರ್ ಮನೆ ಯಾವುದು ಎಂದು ಕೇಳಿಕೊಂಡು ಬಂದರೆ, ಒಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ಕೇಳಿ ಬಾಗಿಲಲ್ಲೇ ಅನುಮಾನಿಸುತ್ತಾರೆ. ಅವರು ಯಾವ ಶಾಲೆಯಲ್ಲೂ ಕೆಲಸ ಮಾಡಿದವರಲ್ಲ. ಪಿಯುಸಿ ಮುಗಿಸಿ, ಮದುವೆಯಾಗಿ, ಕೆಲವು ವರ್ಷ ಸಾಕ್ಷರತಾ ಕಾರ್ಯಕ್ರಮದಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಿದವರು. ಆಮೇಲೆ ಹೊಲಿಗೆಗೆ ಕೂತರು. ಗಂಡ ಜಂಬುನಾಥ್ ಆಟೊ ಓಡಿಸುತ್ತಾರೆ. ಮಗಳು ಮದುವೆಯಾಗಿ ಗಂಗಾವತಿಯಲ್ಲಿದ್ದಾಳೆ.

ನನ್ನ ಬ್ಲೌಸುಗಳನ್ನು ಹತ್ತು ವರ್ಷದಿಂದ ಹೊಲಿಯುವವರು ಅವರೇ. ಈಗ ಹೇಳಹೊರಟಿರುವುದನ್ನು ನಾನು ಕೇಳಿದ್ದೂ ಅಲ್ಲಿಯೇ, ಅಳತೆ ಕೊಡುತ್ತ, ಹುಕ್ಸ್ ಹಚ್ಚುವ ತನಕ ಕಾಯುತ್ತ, ಬಿಡಿಬಿಡಿಯಾಗಿ. ಸುಧಾರಾಣಿ ಬಿಟ್ಟದ್ದನ್ನು ಜಂಬುನಾಥ್ ಸೇರಿಸಿದ್ದಾರೆ, ಅವರು ಸ್ವಲ್ಪ ಹೆಚ್ಚೇ ಸೇರಿಸುವವರು.

ಗಣಿಗಳು ಜೋರಾಗಿದ್ದ ಕಾಲ. ಗಾದಿಗನೂರಿನ ಆಚೆ, ಸಂಡೂರಿನ ಕಡೆಗೆ ಹೋಗುವ ದಾರಿಯಲ್ಲಿ, ಅದಿರು ಗುಡ್ಡೆ ಹಾಕುವ ಒಂದು ಯಾರ್ಡಿತ್ತು. ಸುತ್ತಲ ಹಳ್ಳಿಗಳ ಹೆಂಗಸರು ಅಲ್ಲಿ ಅದಿರು ಆರಿಸಿ, ಒಡೆದು, ಬುಟ್ಟಿಯಲ್ಲಿ ಹೊರುತ್ತಿದ್ದರು. ಸಂಜೆ ಕ್ಲಾಸಿಗೆ ಬನ್ನಿ ಎಂದರೆ ಅವರಿಗೆ ಬರಲಾಗುತ್ತಿರಲಿಲ್ಲ. ಮನೆಗೆ ಹೋಗಿ ನೀರು ತರಬೇಕು, ಒಲೆ ಹಚ್ಚಬೇಕು. ಅದಕ್ಕೇ ಸುಧಾರಾಣಿ ಮಧ್ಯಾಹ್ನ ಊಟದ ಹೊತ್ತಿಗೆ ತಾವೇ ಯಾರ್ಡಿಗೆ ಹೋಗತೊಡಗಿದರು. ತಾಡಪಾಲಿನ ನೆರಳು, ಹದಿನಾಲ್ಕು ಜನ ಹೆಂಗಸರು, ರೊಟ್ಟಿ ತಿಂದು ಕೈತೊಳೆದು ಕೂತರೆ ಅರ್ಧ ಗಂಟೆ ಪಾಠ. ಧೂಳು ಎಷ್ಟಿತ್ತೆಂದರೆ, ಬರೆದದ್ದನ್ನು ಅಂಗೈಯಿಂದ ಒರೆಸಿದರೆ ಸ್ಲೇಟು ಕೆಂಪಾಗುತ್ತಿತ್ತು.

ಆ ಹದಿನಾಲ್ಕು ಜನರಲ್ಲಿ ಗಾದಿಗನೂರಿನ ಉಚ್ಚೆಂಗಮ್ಮ ಒಬ್ಬರು. ಆಗ ಇಪ್ಪತ್ತೇಳು ವಯಸ್ಸು. ಕೂಲಿ ಮಾಡುವವರ ಮನೆ, ಗಂಡ ತೀರಿಕೊಂಡಿದ್ದ, ತಮ್ಮ ಓಬಳೇಶನ ಜೊತೆ ತವರಿನಲ್ಲಿದ್ದರು. ಉಳಿದವರು ಪಾಠ ಮುಗಿದ ಕೂಡಲೇ ಸೆರಗು ಹಾಸಿ ಅಡ್ಡಾದರೆ, ಇವರು ಮಾತ್ರ ಟೀಚರ ಹಿಂದೆ ರಸ್ತೆಯವರೆಗೂ ಬಂದು, ನಿಂತ ಲಾರಿಗಳ ಮೇಲೆ ಬರೆದಿದ್ದನ್ನು ಓದಿ ತೋರಿಸುತ್ತಿದ್ದರು.

ಪುಸ್ತಕದಲ್ಲಿ ಇಪ್ಪತ್ನಾಲ್ಕು ಪಾಠ. ಹತ್ತೊಂಬತ್ತನೆಯದರ ಹೊತ್ತಿಗೆ ಅವರಿಗೆ ಕಾಗುಣಿತ ಬಂದಿತ್ತು, ಅಕ್ಕ, ಅಮ್ಮ, ಹಬ್ಬ ಎನ್ನುವ ಹಾಗೆ ಒಂದೇ ಅಕ್ಷರಕ್ಕೆ ಅದೇ ಒತ್ತು ಬರುವ ಪದಗಳೂ ಬಂದಿದ್ದವು. ಉಚ್ಚೆಂಗಮ್ಮ ತಮ್ಮ ಹೆಸರನ್ನು ತಪ್ಪಿಲ್ಲದೆ ಬರೆದದ್ದು ಆಗಲೇ. ಆ ಹೆಸರಿನಲ್ಲಿರುವ ಎರಡೂ ಒತ್ತು ಅದೇ ಜಾತಿಯವು. ಒಂದು ಅಕ್ಷರಕ್ಕೆ ಬೇರೆಯದೇ ಅಕ್ಷರದ ಒತ್ತು ಬರುವ ಪಾಠಗಳು ಮುಂದಿನ ಐದು. ಅಷ್ಟರಲ್ಲಿ ಕೋರ್ಟಿನ ಆದೇಶ ಬಂದು ಗಣಿಗಳು ನಿಂತವು. ಲಾರಿಗಳು ನಿಂತಲ್ಲೇ ನಿಂತವು, ಯಾರ್ಡಿಗೆ ಬೀಗ ಬಿತ್ತು. ಹೆಂಗಸರಲ್ಲಿ ಕೆಲವರು ಕಂಪ್ಲಿ ಕಡೆ ಭತ್ತದ ಗದ್ದೆಗೆ, ರೈಸ್ ಮಿಲ್ಲಿಗೆ ಹೋದರು. ಕೆಲವರು ಸಂಡೂರಿಗೆ. ಕ್ಲಾಸು ಚದುರಿಹೋಯಿತು.

ತಿಂಗಳ ನಂತರ ಉಚ್ಚೆಂಗಮ್ಮ ಚಿತ್ತವಾಡ್ಗಿಯ ಮನೆ ಹುಡುಕಿಕೊಂಡು ಬಂದಿದ್ದರು.

"ಟೀಚರಮ್ಮ, ಇನ್ನ ಐದು ಪಾಠ ಉಳದಾವಲ್ರಿ. ನಾನೇ ಇಲ್ಲಿಗೆ ಬರ್ತೀನಿ, ಹೇಳಿಕೊಡ್ತೀರೇನು?"

ಜಂಬುನಾಥರಿಗೆ ಆಗ ಕಾಮಾಲೆ. ಸುಧಾರಾಣಿ ಹೊಸದಾಗಿ ಮಿಷನ್ ತಂದು ಹೊಲಿಗೆ ಕಲಿಯುತ್ತಿದ್ದರು. "ಮುಂದಿನ ತಿಂಗಳು ಬಾರವ್ವ, ನೋಡೋಣು" ಎಂದು ಕಳಿಸಿದರು. ಮುಂದಿನ ತಿಂಗಳು ಉಚ್ಚೆಂಗಮ್ಮ ಬಂದಾಗ ಮನೆಗೆ ಬೀಗವಿತ್ತು, ಇವರು ಆಸ್ಪತ್ರೆಯಲ್ಲಿದ್ದರು. ಮತ್ತೆ ಅವರು ಬರಲಿಲ್ಲ. ಇವರೂ ಹೋಗಲಿಲ್ಲ. ಗಾದಿಗನೂರು ಚಿತ್ತವಾಡ್ಗಿಯಿಂದ ಆಟೊದಲ್ಲಿ ಹೋಗಿ ಬರುವಷ್ಟು ಹತ್ತಿರ. "ಹೋಗಬಹುದಾಗಿತ್ತು, ಹೋಗಲಿಲ್ಲ" ಎಂದು ಸುಧಾರಾಣಿ ನನಗೆ ಹೇಳಿದರು. ಅದಕ್ಕೆ ಕಾರಣ ಏನನ್ನೂ ಕೊಡಲಿಲ್ಲ.

ಮುಂದೆ ಆದದ್ದನ್ನು ಊರೆಲ್ಲ ನೋಡಿದೆ. ಕೆಲಸ ಹೋದ ಹೆಂಗಸರನ್ನು ಕಟ್ಟಿಕೊಂಡು ಉಚ್ಚೆಂಗಮ್ಮ ಉದ್ಯೋಗ ಖಾತ್ರಿ ಕೆಲಸ ಕೊಡಿ ಎಂದು ಪಂಚಾಯ್ತಿ ಮುಂದೆ ಹನ್ನೊಂದು ದಿನ ಕೂತರು. ಅದೇ ಪಂಚಾಯ್ತಿಗೆ ಸದಸ್ಯೆಯಾದರು, ಅಧ್ಯಕ್ಷೆಯಾದರು, ಜಿಲ್ಲಾ ಪಂಚಾಯ್ತಿಗೆ ಹೋದರು. ಒಂದು ದೊಡ್ಡ ಪಕ್ಷ ಕರೆದು ಮೀಸಲು ಕ್ಷೇತ್ರದ ಟಿಕೆಟ್ ಕೊಟ್ಟಿತು. ಈ ಸಲದ ಚುನಾವಣೆಯಲ್ಲಿ ಶಾಸಕಿಯಾದರು. ಫಲಿತಾಂಶದ ದಿನ ಜಂಬುನಾಥ್ ಆಟೊ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿ, "ನಮ್ಮ ಮನಿಯಾಕಿ ಶಿಷ್ಯೆ" ಎಂದು ಹೇಳಿಕೊಂಡು ತಿರುಗಿದರು. ಸುಧಾರಾಣಿಗೆ ಅದು ಇಷ್ಟವಾಗಲಿಲ್ಲ. "ಅರ್ಧ ಶಿಷ್ಯೆ" ಎಂದರಂತೆ.

ಸರ್ಕಾರ ರಚನೆ ನಿಧಾನವಾಗಿ ನಡೆಯಿತು. ಮೊದಲ ದಿನ ಮುಖ್ಯಮಂತ್ರಿ ಮತ್ತು ಒಂಬತ್ತು ಮಂತ್ರಿಗಳು ಮಾತ್ರ ಪ್ರಮಾಣ ತೆಗೆದುಕೊಂಡರು. ಸಂಪುಟದಲ್ಲಿ ಒಟ್ಟು ಮೂವತ್ತನಾಲ್ಕು ಜನರಿಗಿಂತ ಹೆಚ್ಚು ಇರುವಂತಿಲ್ಲ. ಉಳಿದ ಇಪ್ಪತ್ನಾಲ್ಕು ಸ್ಥಾನಕ್ಕೆ ಎಪ್ಪತ್ತು ಜನ ಕಣ್ಣಿಟ್ಟಿದ್ದರು. ಟಿವಿಯಲ್ಲಿ ದಿನಕ್ಕೊಂದು ಪಟ್ಟಿ. ಯಾವ ಜಿಲ್ಲೆಗೆ ಇನ್ನೂ ಸಿಕ್ಕಿಲ್ಲ, ಯಾವ ಸಮುದಾಯಕ್ಕೆ ಎಷ್ಟು, ಹಿರಿಯರೆಷ್ಟು, ಹೊಸಬರೆಷ್ಟು ಎಂಬ ಲೆಕ್ಕಾಚಾರ. ಹೆಂಗಸರು ಒಬ್ಬರೇ ಇದ್ದರು, ಇನ್ನೊಬ್ಬರಾದರೂ ಬೇಕೆಂಬ ಮಾತಿತ್ತು. ಗೆದ್ದ ಹೆಂಗಸರೇ ಕಡಿಮೆ. ನಮ್ಮ ಕಡೆಗೂ ಒಂದು ಸ್ಥಾನ ಕೊಡಬೇಕು, ಹೆಣ್ಣುಮಗಳಿಗೂ ಕೊಡಬೇಕು, ಎರಡನ್ನೂ ಒಂದೇ ಹೆಸರಿನಲ್ಲಿ ಮುಗಿಸಬಹುದು ಎಂಬ ಸುದ್ದಿ ಹಬ್ಬಿದಾಗ ಉಚ್ಚೆಂಗಮ್ಮನವರ ಫೋಟೊ ಟಿವಿಯಲ್ಲಿ ಬಂತು.

ಅದೇ ಹೊತ್ತಿಗೆ ಸೋಮವಾರ ವಿಧಾನಸಭೆಯಲ್ಲಿ ಹೊಸ ಶಾಸಕರ ಪ್ರಮಾಣವಚನ ನಡೆಯಿತು. ಉಚ್ಚೆಂಗಮ್ಮ ಕಾಗದ ಹಿಡಿದು ನಿಂತರು. "ಶ್ರದ್ಧೆ" ಎಂದಿದ್ದಲ್ಲಿ "ಶರದೆ" ಎಂದರು. "ನಿಷ್ಠೆ" ಎನ್ನುವುದು "ನಿಶಟೆ" ಆಯಿತು. "ಸಾರ್ವಭೌಮತ್ವ"ದ ಹತ್ತಿರ ಬಂದು ನಿಂತೇಬಿಟ್ಟರು. ಎದುರು ಸಾಲಿನಲ್ಲಿ ಯಾರೋ ಕೆಮ್ಮಿದರು. ಪಕ್ಕದಲ್ಲಿದ್ದ ಅಧಿಕಾರಿ ಮೆಲ್ಲಗೆ ಹೇಳಿಕೊಟ್ಟ ಮೇಲೆ ಹೇಗೋ ಮುಗಿಸಿದರು. ಸಂಜೆಯೊಳಗೆ ಆ ನಲವತ್ತು ಸೆಕೆಂಡಿನ ವಿಡಿಯೊ ಎಲ್ಲರ ಮೊಬೈಲಿನಲ್ಲಿತ್ತು. ಓದಲು ಬಾರದವರು ಮಂತ್ರಿಯಾಗಿ ಏನು ಮಾಡುತ್ತಾರೆ ಎಂದು ಟಿವಿಯಲ್ಲಿ ಚರ್ಚೆ ಬೇರೆ.

ಜಂಬುನಾಥ್ ಮೊಬೈಲ್ ತಂದು ತೋರಿಸಿದರು. ಸುಧಾರಾಣಿ ಮಿಷನ್ ನಿಲ್ಲಿಸಿ ನೋಡಿದರು, ಮತ್ತೊಮ್ಮೆ ಹಾಕಿಸಿಕೊಂಡು ನೋಡಿದರು.

"ಏನಿದು, ಎಲ್ಲಾ ಮರ್ತಾಳಲ್ಲ ಆಕಿ" ಎಂದರು ಜಂಬುನಾಥ್.

"ಮರ್ತಿಲ್ಲರೀ. ಎಲ್ಲೆಲ್ಲಿ ನಿಂತಾಳ ನೋಡ್ರಿ. ನಾನು ಕಲಿಸಿದ್ದು ಒಂದನ್ನೂ ತಪ್ಪಿಲ್ಲ. ಕಲಿಸದೇ ಇದ್ದದ್ದನ್ನೇ ತಪ್ಯಾಳ."

ಟ್ರಂಕಿನ ತಳದಲ್ಲಿ ಆ ಹಳೇ ಪುಸ್ತಕವಿತ್ತು. ಹತ್ತೊಂಬತ್ತನೆಯ ಪಾಠದವರೆಗೆ ಹಾಳೆಗಳ ಅಂಚು ಕೆಂಪು, ಅಲ್ಲಿಂದ ಮುಂದೆ ಬಿಳಿ. ಅವತ್ತು ಅವರು ಊಟ ಮಾಡಲಿಲ್ಲ ಎಂದು ಜಂಬುನಾಥ್ ಹೇಳುತ್ತಾರೆ. ಮಾಡಿದೆ, ಸ್ವಲ್ಪ ಮಾಡಿದೆ ಎಂದು ಅವರು ಹೇಳುತ್ತಾರೆ.

ಆಕಾಂಕ್ಷಿಗಳೆಲ್ಲ ಬೆಂಗಳೂರಿನಲ್ಲೇ ಉಳಿದು ದೊಡ್ಡವರ ಬಾಗಿಲು ಕಾಯುತ್ತಿದ್ದಾಗ ಉಚ್ಚೆಂಗಮ್ಮ ಮಂಗಳವಾರ ಊರಿಗೆ ಮರಳಿದ್ದರು. ಬುಧವಾರ ಬೆಳಿಗ್ಗೆ ಸುಧಾರಾಣಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಗಂಡನ ಆಟೊದಲ್ಲಿ ಗಾದಿಗನೂರಿಗೆ ಹೋದರು. ಮನೆಯ ಮುಂದೆ ಕಾರುಗಳು, ಒಣಗಿದ ಹಾರಗಳು, ಫೋನಿನಲ್ಲಿ ಮಾತಾಡುವ ಗಂಡಸರು. ಓಬಳೇಶ ಬಾಗಿಲಲ್ಲೇ ತಡೆದ.

"ಅಕ್ಕಗ ಹುಷಾರಿಲ್ರೀ. ಏನರ ಅರ್ಜಿ ಇದ್ರ ಕೊಟ್ಟು ಹೋಗ್ರಿ."

"ಅರ್ಜಿ ಇಲ್ಲಪ್ಪ. ಯಾರ್ಡಿನ ಟೀಚರ್ ಬಂದಾಳ, ಉಳಿದ ಐದು ಪಾಠ ಹೇಳಿಕೊಡಾಕ ಬಂದಾಳ ಅಂತ ಅಷ್ಟ ಹೇಳು. ಬ್ಯಾಡ ಅಂದ್ರ ಹೋಗ್ತೀನಿ."

ಓಬಳೇಶ ಒಳಗೆ ಹೋಗಿ ಬರುವ ಮೊದಲೇ ಉಚ್ಚೆಂಗಮ್ಮ ಹೊರಗೆ ಬಂದರು. ಬಂದವರೇ ಟೀಚರ ಎರಡೂ ಕೈ ಹಿಡಿದುಕೊಂಡರು. ಸುಧಾರಾಣಿ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದರು.

"ನನ್ನಿಂದ ನಿಮಗ ಹಿಂಗಾತು. ಅವತ್ತು ನೀವು ಬಂದಾಗ ನಾನು..."

"ಟೀಚರಮ್ಮ, ಮೊದಲು ಆ ನೀವು ಅನ್ನೋದು ಬಿಡ್ರಿ. ನಿಮ್ಮಿಂದ ಏನಾತು ಗೊತ್ತೇನು? ಹತ್ತೊಂಬತ್ತು ಪಾಠದ ಮ್ಯಾಲ ನಾನು ಪಂಚಾಯ್ತಿ ನಡಿಸೀನಿ. ಕೂಲಿ ಪಟ್ಟಿಯೊಳಗ ಯಾರ್ಯಾರ ಸುಳ್ಳು ಹೆಸರು ಬರದಿದ್ರು, ಎಲ್ಲಾ ಓದಿ ಹಿಡದೀನಿ. ಐದು ಉಳದದ್ದು ನಿಮಗ ನೆನಪೈತಿ, ಹತ್ತೊಂಬತ್ತು ಕೊಟ್ಟದ್ದು ನನಗ ನೆನಪೈತಿ. ಒಳಗ ಬರ್ರಿ, ಕುಂದ್ರಿ."

ಒಳಗೆ ಪಕ್ಷದ ತಾಲ್ಲೂಕು ಮುಖಂಡ ಮಹಾಂತೇಶ ಕೂತಿದ್ದರು. ಕೆಟ್ಟ ಮನುಷ್ಯರಲ್ಲ, ಅವಸರದವರು. ಅವರು ಹೇಳಿದ್ದು ಸರಳವಾಗಿತ್ತು. "ಅಕ್ಕಾರ, ಈ ಪಾಠ ಗೀಠ ಈಗ ಯಾಕ್ರಿ? ಪಟ್ಟಿಯೊಳಗ ಹೆಸರು ಬಂದ್ರ ಸಾಕು. ಮಂತ್ರಿ ಪ್ರಮಾಣ ನನ್ನ ಮಗಳ ಹತ್ರ ಓದಿಸಿ ರೆಕಾರ್ಡ್ ಮಾಡಿಸಿ ಕೊಡ್ತೀನಿ. ಮೂರು ದಿನ ಕೇಳ್ರಿ, ಬಾಯಿಪಾಠ ಆಗತೈತಿ. ಕೈಯಾಗ ಕಾಗದ ಹಿಡ್ಕೊಂಡು ನಿಂತ್ರ ಯಾರಿಗೆ ಗೊತ್ತಾಗತೈತಿ?"

ಸುಧಾರಾಣಿಗೂ ಅದು ಸರಿಯೆನ್ನಿಸಿತು. ದಿನಗಳು ಕಡಿಮೆ, ಮತ್ತೊಮ್ಮೆ ತಪ್ಪಿದರೆ ಎಲ್ಲ ಕ್ಯಾಮೆರಾಗಳೂ ಇರುತ್ತವೆ. ಬಾಯಿಪಾಠವೇ ಆಗಲಿ ಎಂದು ಅವರೂ ಹೇಳಿದರು.

ಉಚ್ಚೆಂಗಮ್ಮ ಒಪ್ಪಲಿಲ್ಲ. "ಪ್ರಮಾಣ ಒಂದು ನಿಮಿಷದ್ದು ಮಹಾಂತೇಶಣ್ಣ. ಮರುದಿನ ಫೈಲು ಬರತಾವು. ಅವನ್ನೂ ನಿನ್ನ ಮಗಳೇ ರೆಕಾರ್ಡ್ ಮಾಡಿ ಕಳಿಸ್ತಾಳೇನು? ಟೀಚರಮ್ಮ, ಆ ಪ್ರಮಾಣದ ಹಾಳಿ ನನಗ ತೋರಿಸಬ್ಯಾಡ್ರಿ. ಅದನ್ನೇ ಓದಿದ್ರ ಬಾಯಿಗೆ ಬಂದುಬಿಡತೈತಿ. ಏನು ಕೈಗೆ ಕೊಟ್ರೂ ಓದಂಗ ಮಾಡ್ರಿ."

ಆ ಮನೆಯಲ್ಲಿ ಪಾಠ ಮಾಡಲು ಸಾಧ್ಯವಿರಲಿಲ್ಲ. ಹತ್ತು ನಿಮಿಷಕ್ಕೊಬ್ಬರು ಶಾಲು ಹಿಡಿದು ಬರುತ್ತಿದ್ದರು. ಬ್ಲೌಸ್ ಹೊಲಿಸಬೇಕೆಂಬ ನೆಪ ಹೇಳಿ ಶಾಸಕಿ ಅವತ್ತು ಮಧ್ಯಾಹ್ನ ಜಂಬುನಾಥರ ಆಟೊದಲ್ಲೇ ಚಿತ್ತವಾಡ್ಗಿಗೆ ಬಂದರು. ನಾವೆಲ್ಲ ಕಿಟಕಿಯಿಂದ ನೋಡಿದೆವು, ಬ್ಲೌಸಿಗೇ ಬಂದಿದ್ದಾರೆಂದು ನಂಬಿದೆವು. ಅಳತೆ ತೆಗೆದುಕೊಂಡದ್ದೂ ನಿಜ, ತಿಳಿಹಸಿರು ಇಳಕಲ್ ಸೀರೆಗೆ ಬ್ಲೌಸ್ ಹೊಲಿದದ್ದೂ ನಿಜ. ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಸುಧಾರಾಣಿ ಇಪ್ಪತ್ತನೆಯ ಪಾಠ ತೆರೆದರು. ಭಕ್ತಿ, ಪುಸ್ತಕ, ರಾಜ್ಯ. ಮೇಲಿನ ಅಕ್ಷರ ಅರ್ಧ ಉಸಿರು, ಕೆಳಗಿನದು ಪೂರ್ತಿ ಉಸಿರು ಎಂದು ಹೇಳಿಕೊಟ್ಟರು. ಉಚ್ಚೆಂಗಮ್ಮ ನೆಲದ ಮೇಲೆ ಕೂತು ಬೆರಳಿಟ್ಟು ಓದಿದರು. ಬಟ್ಟೆ ಕತ್ತರಿಸಲು ಗುರುತು ಹಾಕುವ ಸೀಮೆಸುಣ್ಣದಿಂದಲೇ ನೆಲದ ಮೇಲೆ ಬರೆದರು. ಸಂಜೆಯ ಹೊತ್ತಿಗೆ ಎರಡು ಪಾಠ ಮುಗಿದಿದ್ದವು.

ಗುರುವಾರ ಬೆಳಿಗ್ಗೆ ಹಂಪಿ. ವಿರೂಪಾಕ್ಷನ ದರ್ಶನ ಮಾಡಬೇಕೆಂದು ಉಚ್ಚೆಂಗಮ್ಮ ಮೊದಲೇ ಹೇಳಿಕೊಂಡಿದ್ದರು. ಬಿಸಿಲೇರುವ ಮೊದಲು ಹೋದರು. ಅವರು ಒಳಗೆ ಹೋಗಿ ಬರುವವರೆಗೆ ಸುಧಾರಾಣಿ ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಕಾದು ಕೂತರು. ಎದುರಿಗೆ ಒಂದು ನೀಲಿ ಬೋರ್ಡಿತ್ತು. ಉಚ್ಚೆಂಗಮ್ಮ ಕುಂಕುಮ ಹಚ್ಚಿಕೊಂಡು ಬಂದ ಕೂಡಲೇ ಅದನ್ನು ತೋರಿಸಿದರು.

"ಓದು."

"ಸಂರಕ... ಸಂರಕ್ಷಿತ. ಸಮಾ... ತಡೀರಿ, ತಡೀರಿ. ಸ್ಮಾರಕ. ಸಂರಕ್ಷಿತ ಸ್ಮಾರಕ." ಆಮೇಲೆ ಬೋರ್ಡಿನ ಹತ್ತಿರ ಹೋಗಿ ಅಕ್ಷರಗಳ ಮೇಲೆ ಬೆರಳಾಡಿಸಿದರು. "ಟೀಚರಮ್ಮ, ಸಣ್ಣಾಕಿ ಇದ್ದಾಗಿಂದ ಈ ಬೋರ್ಡ್ ನೋಡ್ಕೊಂತ ಬಂದೀನಿ. ಇಲ್ಲಿ ಗಾಡಿ ನಿಲ್ಲಿಸಬಾರದು ಅಂತ ಬರದೈತಿ ಅಂದ್ಕೊಂಡಿದ್ನಿ."

ಇಬ್ಬರೂ ಎಷ್ಟು ನಕ್ಕರೆಂದರೆ, ಎಳನೀರು ಮಾರುವವನು ತಿರುಗಿ ನೋಡಿದ. ಆಮೇಲೆ ಅವನಿಗೆ ಶಾಸಕಿಯ ಗುರುತು ಸಿಕ್ಕಿ, ಎರಡು ಎಳನೀರು ಕೆತ್ತಿ ತಂದುಕೊಟ್ಟ. ಬಜಾರಿನ ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತ, ಕಂಡ ಬೋರ್ಡನ್ನೆಲ್ಲ ಓದಿದರು. ರ ಅಕ್ಷರವನ್ನು ಪಕ್ಕದಲ್ಲಿ ಕೊಂಡಿಯ ಹಾಗೆ ಬರೆದು ಮೊದಲೇ ಉಚ್ಚರಿಸುವ ಅರ್ಕಾವತ್ತು ಮಾತ್ರ ಕಾಡಿತು. ಸೂರ್ಯ, ಮಾರ್ಗ, ಕಾರ್ಯ ಎಂದು ಮಧ್ಯಾಹ್ನವೆಲ್ಲ ಅದನ್ನೇ ತಿದ್ದಿದರು.

ಶುಕ್ರವಾರ ಬೆಳಿಗ್ಗೆ ಇಪ್ಪತ್ಮೂರನೆಯ ಪಾಠ ನಡೆಯುತ್ತಿದ್ದಾಗ ಉಚ್ಚೆಂಗಮ್ಮನವರಿಗೆ ಫೋನು ಬಂತು. ಮುಖ್ಯಮಂತ್ರಿಗಳ ಕಚೇರಿಯಿಂದ. ನಾಳೆ ಹನ್ನೊಂದೂ ಮುಕ್ಕಾಲಿಗೆ ರಾಜಭವನ, ಪ್ರಮಾಣವಚನ, ಮನೆಯವರಿಗೆ ನಾಲ್ಕು ಪಾಸು. ಅವರು "ಹ್ಞೂಂ ರೀ, ಹ್ಞೂಂ ರೀ" ಎಂದಷ್ಟೇ ಹೇಳಿ ಫೋನಿಟ್ಟರು. ಟಿವಿಯಲ್ಲಿ ಆಗಲೇ ಇಪ್ಪತ್ನಾಲ್ಕು ಜನರ ಪಟ್ಟಿ ಓಡುತ್ತಿತ್ತು. ಜಂಬುನಾಥ್ ಎದ್ದು ನಿಂತು ಒಂದೊಂದೇ ಹೆಸರು ಓದಿದರು. ಹದಿನೇಳನೆಯದು ಇವರದು.

"ಟೀಚರಮ್ಮ, ನೀವೂ ಬರಬೇಕು."

"ನಾನ್ಯಾಕವ್ವ? ನಿಮ್ಮ ಮನಿಯೋರು, ಪಕ್ಷದೋರು..."

"ಇನ್ನೊಂದು ಪಾಠ ಉಳದೈತಲ್ರೀ" ಎಂದರು ಉಚ್ಚೆಂಗಮ್ಮ.

ಪಾಸುಗಳಿಗಾಗಿ ಗಾದಿಗನೂರಿನಲ್ಲಿ ಮಾತಿಗೆ ಮಾತು ಬೆಳೆಯಿತು. ನಾಲ್ಕರಲ್ಲಿ ಒಂದು ಓಬಳೇಶನಿಗೆ, ಒಂದು ಮಹಾಂತೇಶರಿಗೆ, ಒಂದು ಪಂಚಾಯ್ತಿ ಮುಂದೆ ಜೊತೆಗೆ ಕೂತಿದ್ದ ಎರ್ರೆಮ್ಮ ಎಂಬ ಮುದುಕಿಗೆ. ನಾಲ್ಕನೆಯದನ್ನು ಹೊಲಿಗೆಯಾಕೆಗೆ ಯಾಕೆ ಕೊಡಬೇಕೆಂದು ದೊಡ್ಡ ದೊಡ್ಡವರು ಕೇಳಿದರು. ಉಚ್ಚೆಂಗಮ್ಮ ಕಾರು ಹತ್ತಿದರು. ಕಾರು ಚಿತ್ತವಾಡ್ಗಿಗೆ ಬಂದು ಟೀಚರನ್ನು ಹತ್ತಿಸಿಕೊಂಡಿತು. ಹೊಸ ಬ್ಲೌಸ್ ಅವರ ಕೈಯಲ್ಲೇ ಇತ್ತು. ಕೊನೆಯ ಹುಕ್ಸನ್ನು ಚಿತ್ರದುರ್ಗ ದಾಟಿದ ಮೇಲೆ ಹಚ್ಚಿದರು. ಇಪ್ಪತ್ನಾಲ್ಕನೆಯ ಪಾಠ ಹಿರಿಯೂರಿನ ಹತ್ತಿರ ಮುಗಿಯಿತು. ಎರ್ರೆಮ್ಮನೂ ಜೊತೆಯಲ್ಲಿ ಹೇಳಿದಳು, ಪುಸ್ತಕ ನೋಡದೆ.

ಶನಿವಾರ ರಾಜಭವನದ ಗಾಜಿನ ಮನೆಯಲ್ಲಿ ಸುಧಾರಾಣಿಗೆ ಸಿಕ್ಕದ್ದು ಹಿಂದಿನಿಂದ ಮೂರನೆಯ ಸಾಲು. ಮುಂದೆ ಹೂವು, ಕ್ಯಾಮೆರಾ, ಪೊಲೀಸು. ಪ್ರಮಾಣದ ಕಾಗದ ಅಲ್ಲೇ ಮೈಕಿನ ಮುಂದಿರುತ್ತದೆ, ಮೊದಲೇ ಕೊಡುವುದಿಲ್ಲ ಎಂದು ಅಧಿಕಾರಿಗಳು ಹೇಳಿದ್ದರು. ಒಬ್ಬೊಬ್ಬರೇ ಎದ್ದು ಬಂದರು. ರಾಜ್ಯಪಾಲರು ಮೊದಲ ಪದ ಹೇಳಿ ಶುರು ಮಾಡಿಸುತ್ತಿದ್ದರು, ಮುಂದಿನದನ್ನು ಅವರು ಓದುತ್ತಿದ್ದರು. ಮೊದಲನೆಯವರು ಓದಿದಾಗಲೇ ಸುಧಾರಾಣಿ ಒಂದು ಪದಕ್ಕೆ ಕಿವಿ ನಿಮಿರಿಸಿದರು. "ಶ್ರದ್ಧಾಪೂರ್ವಕವಾಗಿ ಮತ್ತು ಅಂತಃಕರಣಪೂರ್ವಕವಾಗಿ" ಎಂದರು ಅವರು.

ಅಂತಃಕರಣ. ನಡುವೆ ಎರಡು ಚುಕ್ಕಿ, ವಿಸರ್ಗ. ಅದು ಇಪ್ಪತ್ನಾಲ್ಕು ಪಾಠಗಳಲ್ಲಿ ಎಲ್ಲೂ ಇರಲಿಲ್ಲ, ಕಾಗುಣಿತವೂ ಸೊನ್ನೆಗೇ ಮುಗಿದಿತ್ತು. ದೊಡ್ಡವರಿಗೆ ಅದರ ಅಗತ್ಯ ಬೀಳದೆಂದು ಪುಸ್ತಕ ಬರೆದವರು ಬಿಟ್ಟಿದ್ದರು. ಇವರಿಗೂ ನೆನಪಾಗಿರಲಿಲ್ಲ. ಉಚ್ಚೆಂಗಮ್ಮ ಎಲ್ಲೋ ಮುಂದೆ, ಬೆನ್ನು ಕಾಣುವಂತೆ ಕೂತಿದ್ದರು. ಹೇಳಿ ಕಳಿಸಲು ದಾರಿಯಿರಲಿಲ್ಲ. ಹದಿನಾರು ಜನರ ಪ್ರಮಾಣ ಮುಗಿಯುವ ತನಕ ಸುಧಾರಾಣಿ ಆ ಒಂದು ಪದ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡರು. ಪಕ್ಕದಲ್ಲಿದ್ದ ಎರ್ರೆಮ್ಮ, "ಯಾಕವ್ವ, ತಲಿ ತಿರಗತೈತೇನು?" ಎಂದು ನೀರಿನ ಬಾಟಲಿ ಕೊಟ್ಟಳು.

ಹದಿನೇಳನೆಯ ಹೆಸರು ಕರೆದರು. ತಿಳಿಹಸಿರು ಸೀರೆಯುಟ್ಟ ಉಚ್ಚೆಂಗಮ್ಮ ಮೈಕಿನ ಮುಂದೆ ನಿಂತು, ಕಾಗದವನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದರು. ಛಾಯಾಗ್ರಾಹಕರು ಒತ್ತೊತ್ತಾಗಿ ಮುಂದೆ ಬಂದರು. ಅವರೆಲ್ಲ ಏನಕ್ಕಾಗಿ ಕಾಯುತ್ತಿದ್ದಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ನಿಧಾನವಾಗಿ ಓದಿದರು. ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು, ಅದನ್ನು ಮರೆಮಾಡಲಿಲ್ಲ. ಶ್ರದ್ಧೆ. ನಿಷ್ಠೆ. ಸಾರ್ವಭೌಮತ್ವ. ಒಂದೊಂದು ಪದವೂ ಇಡಿಯಾಗಿ ಬಂತು. "ಶ್ರದ್ಧಾಪೂರ್ವಕವಾಗಿ ಮತ್ತು" ಎಂದವರು ನಿಂತರು. ಪಕ್ಕದ ಅಧಿಕಾರಿ ಹೇಳಿಕೊಡಲು ಬಾಗಿದರು. ಉಚ್ಚೆಂಗಮ್ಮ ಕೈಯೆತ್ತಿ ಅವರನ್ನು ತಡೆದರು. "ಅಂತಃ" ಎಂದರು, ಉಸಿರನ್ನು ಸರಿಯಾಗಿ ಬಿಟ್ಟು. "ಅಂತಃಕರಣಪೂರ್ವಕವಾಗಿ." ಅಲ್ಲಿಂದ ಮುಂದೆ ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷವಿಲ್ಲದೆ ಎಂದು ಓದುತ್ತ ಹೋದರು. ಗೋಪ್ಯತೆಯ ಪ್ರಮಾಣವನ್ನೂ ಓದಿದರು. ಬಗ್ಗಿ ಪುಸ್ತಕದಲ್ಲಿ ಸಹಿ ಹಾಕಿದರು.

ಚಪ್ಪಾಳೆ ಎಲ್ಲರಿಗೂ ಬಿದ್ದಿತ್ತು, ಇವರಿಗೂ ಬಿತ್ತು. ಹಿಂದಿನಿಂದ ಮೂರನೆಯ ಸಾಲಿನಲ್ಲಿ ಎರ್ರೆಮ್ಮ ಶಿಳ್ಳೆ ಹಾಕಿ ಪೊಲೀಸರಿಂದ ಬೈಸಿಕೊಂಡಳು.

ಹೊರಗೆ ಹುಲ್ಲಿನ ಮೇಲೆ ಹೊಸ ಮಂತ್ರಿಗಳ ಸುತ್ತ ಜನ ಮುತ್ತಿದ್ದರು. ಗಂಟೆಯಾದ ಮೇಲೆ ಉಚ್ಚೆಂಗಮ್ಮ ಬಿಡಿಸಿಕೊಂಡು ಬಂದರು. ಸುಧಾರಾಣಿ ಮೊದಲು ಕೇಳಿದ್ದು ಅದನ್ನೇ. "ಆ ಎರಡು ಚುಕ್ಕಿ ನಾನು ಹೇಳಿಕೊಟ್ಟಿರಲಿಲ್ಲವಲ್ಲೇ, ಹೆಂಗ ಓದಿದಿ?"

"ಹದಿನಾರು ಮಂದಿ ಓದೋದು ಕೇಳಿದ್ನಿ. ಕಾಗದ ನೋಡಿದ ಮ್ಯಾಲ ಗೊತ್ತಾತು, ಚುಕ್ಕಿ ಇದ್ದಲ್ಲಿ ಅವ್ರು ಉಸಿರು ಬಿಡ್ತಿದ್ರು ಅಂತ. ಒಬ್ಬಾತ ಮಾತ್ರ ಬಿಟ್ಟಿರಲಿಲ್ಲ, ಅವ್ನೇ ತಪ್ಪು ಅಂದ್ಕೊಂಡ್ನಿ." ಆಮೇಲೆ, ಅಷ್ಟು ಜನರ ನಡುವೆ, ಬಗ್ಗಿ ಟೀಚರ ಕಾಲು ಮುಟ್ಟಿದರು. ಸುಧಾರಾಣಿ ಅವರನ್ನು ಎಬ್ಬಿಸಲು ಹೋಗಿ ತಾವೂ ಕೆಳಗೆ ಕೂತುಬಿಟ್ಟರು. ಅತ್ತದ್ದು ಯಾರು ಹೆಚ್ಚು ಎಂಬುದರ ಬಗ್ಗೆ ನನಗೆ ಎರಡು ಅಭಿಪ್ರಾಯಗಳು ಸಿಕ್ಕಿವೆ.

ಮೂರು ದಿನದ ನಂತರ ಖಾತೆ ಹಂಚಿಕೆಯಾಯಿತು. ಮಹಿಳಾ ಮತ್ತು ಮಕ್ಕಳ ಖಾತೆ ಸಿಗುತ್ತದೆಂದು ಎಲ್ಲರೂ ಹೇಳಿದ್ದರು. ಸಿಕ್ಕದ್ದು ರೇಷ್ಮೆ. ಜಂಬುನಾಥ್ ಟಿವಿ ಮುಂದೆ ತಲೆ ಮೇಲೆ ಕೈ ಹೊತ್ತು, "ನಮ್ಮ ಕಡೆ ಹಿಪ್ಪುನೇರಳೆ ಗಿಡಾನ ನೋಡಿದೋರು ಕಡಿಮಿ, ರೇಷ್ಮಿ ಖಾತಿ ಕೊಟ್ಟಾರಲ್ಲ" ಎಂದು ಹಳಹಳಿಸಿದರು. ಉಚ್ಚೆಂಗಮ್ಮನವರಿಗೆ ಬೇಸರವಿರಲಿಲ್ಲ. ಫೋನ್ ಮಾಡಿ, "ಅದಿರು ಬಿಟ್ಟು ಹುಳದ ಹತ್ರ ಬಂದೀನಿ ಟೀಚರಮ್ಮ, ಅವೂ ಒಂದೊಂದ ಎಲಿ ತಿಂದು ಬೆಳಿತಾವಂತ, ನಾನು ಒಂದೊಂದ ಪಾಠ ಕಲಿತಂಗ" ಎಂದು ನಕ್ಕರು. ಇಲಾಖೆಯ ಟಿಪ್ಪಣಿಗಳನ್ನು ತಾವೇ ಓದುತ್ತಾರೆ. ಹೊತ್ತು ಹಿಡಿಯುತ್ತದೆ, ಅಧಿಕಾರಿಗಳು ಕಾಯುತ್ತಾರೆ.

ಸುಧಾರಾಣಿಯವರಿಗೆ ಯಾವ ಸನ್ಮಾನವೂ ಆಗಲಿಲ್ಲ, ಅವರು ಬೇಡವೆಂದರು. ಆ ದಿನಗಳ ಬಗ್ಗೆ ಮಾತಾಡುವಾಗ ಅವರು ತಾವು ಕಲಿಸಿದ್ದನ್ನು ಹೇಳುವುದೇ ಇಲ್ಲ. ಬಾಗಿಲಿಗೆ ಹೋದಾಗ ಬೈಯದೆ ಒಳಗೆ ಕರೆದದ್ದನ್ನೇ ಹೇಳುತ್ತಾರೆ. "ಇಷ್ಟು ವರ್ಷದ ಮ್ಯಾಲ ಹೋದ್ರೂ ಕುಂದ್ರಿ ಅಂದ್ಳಲ್ಲ. ಅಷ್ಟು ಸಾಕು ನನಗ."

ಆಮೇಲೆ ಒಂದು ದಿನ ಅವರು ಯಾರ್ಡಿನ ಕ್ಲಾಸಿನ ಹದಿನಾಲ್ಕು ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡರು. ಇಬ್ಬರು ತೀರಿಹೋಗಿದ್ದರು. ನಾಲ್ವರು ಎಲ್ಲಿದ್ದಾರೋ ತಿಳಿಯಲಿಲ್ಲ. ಕಂಪ್ಲಿಯ ರೈಸ್ ಮಿಲ್ಲಿನ ಹತ್ತಿರ ಕರೆಮ್ಮ ಸಿಕ್ಕರು. ಪ್ರತಿ ಭಾನುವಾರ ಬಸ್ಸಿನಲ್ಲಿ ಹೋಗಿ ಅವರಿಗೂ ಅವರ ಸೊಸೆಗೂ ಪಾಠ ನಡೆದಿದೆ. ಕರೆಮ್ಮನಿಗೆ ಕಣ್ಣು ಮಂಜು, ದೊಡ್ಡದಾಗಿ ಬರೆಯಬೇಕು.

ಸಂಡೂರಿನ ದುರ್ಗಕ್ಕನ ಮನೆಗೆ ಹೋದಾಗ ಮಾತ್ರ ಬೇರೆಯಾಯಿತು. ಆಕೆಗೆ ಎಪ್ಪತ್ತು ದಾಟಿದೆ. ಪುಸ್ತಕ ತೆಗೆದರೆ ಕೈಯಿಂದ ಪಕ್ಕಕ್ಕೆ ಸರಿಸಿ, "ಅವೆಲ್ಲಾ ಬ್ಯಾಡ ಬಿಡವ್ವ, ಈಗ ಯಾವ ಬೋರ್ಡ್ ಓದಬೇಕೈತಿ ನನಗ? ನೀ ಬಂದೆಲ್ಲ, ಅದಾ ಭಾಳ ಆತು. ಉಣ್ಣು ಮೊದಲು" ಎಂದಳಂತೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನಕಾಯಿ ಚಟ್ನಿ. ಸುಧಾರಾಣಿ ಪುಸ್ತಕವನ್ನು ಚೀಲಕ್ಕೆ ಹಾಕಿ, ಕೈತೊಳೆದು ಊಟಕ್ಕೆ ಕೂತರು. ಸಂಜೆಯ ಬಸ್ಸಿನವರೆಗೂ ಇಬ್ಬರೂ ಯಾರ್ಡಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೆನೆಯುತ್ತ ಕಟ್ಟೆಯ ಮೇಲೆ ಕೂತಿದ್ದರು.